ಕುಡಿದವನೂ ಕುಡಿಸಿದವನೂ

ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ಮೊದಲಲ್ಲಿ ಒಂದು ವಿಧಿ ಉಂಟು. ನಮ್ಮ ಸಭೆಗಳಲ್ಲಿ ಅದನ್ನು ಓದುವದು ಅಪರೂಪ; ಓದಿದರೂ ಹಳೇ ಕಾಲದ ಇಸ್ರಾಯೇಲ್ಯರ ಕಟ್ಟಳೆಯೆಂದು ಎಣಿಸಿ ಪುಟವನ್ನು ತಿರುವಿಬಿಡುತ್ತೇವೆ. ಅದೇನಂದರೆ, ಬೈಲಿನಲ್ಲಿ ಒಬ್ಬನ ಹೆಣವು ಬಿದ್ದಿದ್ದು, ಅವನನ್ನು ಕೊಂದವನು ಯಾರೆಂಬದು ಗೊತ್ತಾಗದೆ ಹೋದರೆ, ಹಿರಿಯರೂ ನ್ಯಾಯಾಧಿಪತಿಗಳೂ ಅಲ್ಲಿಗೆ ಹೊರಟುಬಂದು, ಹೆಣವಿರುವ ಸ್ಥಳದಿಂದ ಸುತ್ತಣ ಊರುಗಳಿಗೆ ಎಷ್ಟೆಷ್ಟು ದೂರವೆಂದು ಅಳತೆ ಮಾಡಿಸಬೇಕು. ಯಾವ ಊರು ಎಲ್ಲಕ್ಕೂ ಹತ್ತಿರವೋ ಆ ಊರಿನ ಹಿರಿಯರು, ನೊಗ ಕಾಣದ ಒಂದು ಕಡಸನ್ನು ನೀರು ಹರಿಯುವ ಹಳ್ಳಕ್ಕೆ ತಂದು, ಅಲ್ಲಿ ಅದರ ಕುತ್ತಿಗೆಯನ್ನು ಮುರಿದು, ಅದರ ಮೇಲೆ ಕೈ ತೊಳೆದುಕೊಂಡು, ಆ ರಕ್ತವು ತಮ್ಮ ಕೈಯಿಂದ ಬಿದ್ದದ್ದಲ್ಲವೆಂದೂ ತಮ್ಮ ಕಣ್ಣು ಅದನ್ನು ಕಂಡದ್ದಿಲ್ಲವೆಂದೂ ದೇವರ ಮುಂದೆ ಅರಿಕೆಮಾಡಬೇಕು.

ದೈವಜ್ಞಾನ ಶಾಲೆಯಲ್ಲಿ ನಾನು ಈ ಅಧ್ಯಾಯವನ್ನು ಪರೀಕ್ಷೆಗೋಸ್ಕರ ಬಾಯಿಪಾಠ ಮಾಡಿದ್ದೆನು. ಆದರೆ ಹಿರಿಯರು ಯಾಕೆ ಅಳೆಯಬೇಕೆಂಬದು ನನಗೆ ತಿಳಿದದ್ದು ಹೋದ ಕಬ್ಬಿನ ಸುಗ್ಗಿಯಲ್ಲಿ, ಒಂದು ಸಮಾಧಿಯ ಅಂಚಿನಲ್ಲಿ ನಿಂತಿದ್ದಾಗ.

ನಮ್ಮ ಸಭೆಯ ಒಬ್ಬ ಯೌವನಸ್ಥನು, ಕಬ್ಬು ಕಡಿಯುವ ತಂಡದಲ್ಲಿ ಕೂಲಿ ಮಾಡುತ್ತಿದ್ದ 24 ವರುಷದವನು, ಶನಿವಾರ ರಾತ್ರಿ ಮೋಟಾರು ಸೈಕಲ್ಲಿನ ಮೇಲೆ ಮನೆಗೆ ಬರುತ್ತಾ, ರಸ್ತೆಯ ಮಗ್ಗುಲಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿನ ಹಿಂಭಾಗಕ್ಕೆ ಬಡಿದು ಅಲ್ಲಿಯೇ ಸತ್ತನು. ಮರುದಿನ ಸಂಜೆ ಅವನನ್ನು ಮಣ್ಣು ಮಾಡಿದೆವು. ಪುನರುತ್ಥಾನದ ಪಾಠವನ್ನು ಓದಿ ಮುಗಿಸಿ, ನಾನು ಮೊದಲನೆಯ ಹಿಡಿ ಮಣ್ಣನ್ನು ತೆಗೆದುಕೊಂಡಾಗ ಅವನ ತಾಯಿ ನನ್ನ ಮುಂದೆ ಬಂದು ನಿಂತು, "ಅಯ್ಯನವರ, ನನ್ನ ಮಗಗ ಕಡೀಕ ಕುಡಿಸಿದವರು ಯಾರ್ರಿ?" ಎಂದು ಕೇಳಿದಳು.

ಯಾರೂ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ತಿಳಿಯದೆ ಸುಮ್ಮನಿದ್ದವರು ಅಲ್ಲಿ ಒಬ್ಬರೂ ಇರಲಿಲ್ಲ. ಊರ ಹೊರಗೆ ದಾರಿ ಕೂಡುವ ಸ್ಥಳದಲ್ಲಿರುವ ಮದ್ಯದ ಮಳಿಗೆಯೇ ಅದು ಎಂಬದು ಎಲ್ಲರಿಗೂ ಗೊತ್ತಿತ್ತು. ಆ ಮಳಿಗೆಯ ಕಟ್ಟಡವು ನಮ್ಮ ಸಭಾಹಿರಿಯರಲ್ಲಿ ಒಬ್ಬರದು, ಸನ್ನದು ಬೇರೊಬ್ಬನದು. ಆ ಹಿರಿಯರು ಸತ್ತವನ ಪೆಟ್ಟಿಗೆಗೆ ಹೆಗಲು ಕೊಟ್ಟು ಬಂದಿದ್ದರು.

ಮೂರನೆಯ ದಿವಸ ಆ ತಾಯಿಯ ಪ್ರಶ್ನೆಗೆ ತಾನಾಗಿಯೇ ಉತ್ತರ ಬಂತು. ಮಳಿಗೆಯ ಹುಡುಗನು ಒಂದು ಚೀಟಿಯನ್ನು ಹಿಡಿದುಕೊಂಡು ಮನೆಯ ಬಾಗಿಲಿಗೆ ಬಂದನು. ಸತ್ತವನ ಉದ್ರಿ ಬಾಕಿ 860 ರೂಪಾಯಿ. ತಾರೀಕುಗಳ ಕೆಳಗೆ ತಾರೀಕು, ಕೊನೆಯಲ್ಲಿ ಆ ಶನಿವಾರದ ತಾರೀಕು, ಅದರ ಎದುರಿಗೆ ಮೂರು ಬರಹಗಳು. ಓದಲಾರದ ಆ ತಾಯಿ ಚೀಟಿಯನ್ನು ನನ್ನ ಬಳಿಗೆ ತಂದಳು. ಕುಡಿಸುವವರ ವಿಷಯದಲ್ಲಿ ನಾನು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ, ಮಾಡಿಯೂ ಇದ್ದೇನೆ. ಆ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳುವಷ್ಟು ಕಷ್ಟ ಯಾವದರಲ್ಲಿಯೂ ಆಗಲಿಲ್ಲ.

ಈಗ ಓದುವವರ ಮುಂದೆ ನಾನು ಇಡುವ ಪ್ರಶ್ನೆ ಇದು: ಕುಡಿದು ಕೆಟ್ಟವನ ಕೇಡಿನ ಲೆಕ್ಕವನ್ನು ಕುಡಿಸಿದ ಮನೆಯ ತನಕ ಹಿಂದಕ್ಕೆ ಹಿಡಿದುಕೊಂಡು ಹೋಗುವದು ನ್ಯಾಯವೋ? ಅಥವಾ ಅದು ಪಾಪಮಾಡಿದವನ ಪಾಪವನ್ನು ಇನ್ನೊಬ್ಬನ ತಲೆಯ ಮೇಲೆ ಹೊರಿಸುವ ಉಪಾಯವೋ?

ಎರಡನೆಯ ಸಂಶಯವು ಸಾಮಾನ್ಯವಾದದ್ದಲ್ಲ. ಪ್ರತಿಯೊಬ್ಬನೂ ತನ್ನ ಪಾಪಕ್ಕೆ ತಾನೇ ಉತ್ತರವಾದಿ ಎಂಬದನ್ನು ಯೆಹೆಜ್ಕೇಲ ಪ್ರವಾದಿಯು 18ನೆಯ ಅಧ್ಯಾಯದಲ್ಲಿ ಎಷ್ಟು ಸ್ಪಷ್ಟವಾಗಿ ಬೋಧಿಸಿದ್ದಾನೆ! ನಮ್ಮ ಸಭೆಗಳಲ್ಲಿ ಕುಡಿತವನ್ನು ಬಿಟ್ಟವರು ಬಿಟ್ಟದ್ದು, ಅಂಗಡಿಯವನನ್ನು ದೂರಿದ್ದರಿಂದಲ್ಲ; ತಾನೇ ಪಾಪಿಯೆಂದು ಒಪ್ಪಿ ಕರ್ತನ ಮುಂದೆ ಬಿದ್ದದ್ದರಿಂದ. ಕುಡಿಯುವವನಿಗೆ "ತಪ್ಪು ನಿನ್ನದಲ್ಲ, ಮಳಿಗೆಯದು" ಎಂದು ಹೇಳಿಕೊಟ್ಟರೆ ಅವನಿಗೆ ಇರುವ ಒಂದೇ ಬಾಗಿಲನ್ನು ಮುಚ್ಚಿದ ಹಾಗಾಗುವದು. ಅದನ್ನು ಹೇಳುವವರ ಜೊತೆಗೆ ನಾನು ಇಲ್ಲ.

ಆದರೂ ಇಲ್ಲಿ ಒಂದು ತಪ್ಪು ಗಣಿತ ಅಡಗಿದೆ. ಅಪರಾಧವೆಂದರೆ ಒಂದು ಚೀಲ ಜೋಳವೆಂತಲೂ, ಒಬ್ಬನಿಗೆ ಎರಡು ಸೇರು ಹೆಚ್ಚು ಅಳೆದರೆ ಇನ್ನೊಬ್ಬನ ಪಾಲಿಗೆ ಎರಡು ಸೇರು ಕಡಿಮೆಯಾಗುವದೆಂತಲೂ ನಾವು ಎಣಿಸುತ್ತೇವೆ. ದೇವರ ನ್ಯಾಯಸ್ಥಾನದಲ್ಲಿ ಹಾಗಿಲ್ಲ. ಏದೆನ್ ತೋಟದಲ್ಲಿ ಪುರುಷನು ಸ್ತ್ರೀಯನ್ನು ತೋರಿಸಿದನು, ಸ್ತ್ರೀಯು ಸರ್ಪವನ್ನು ತೋರಿಸಿದಳು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಹಣ್ಣು ಕೈಯಿಂದ ಕೈಗೆ ಹಾಗೆಯೇ ಬಂದಿತ್ತು. ದೇವರು ಅವರು ತೋರಿಸಿದ ದಾರಿಯನ್ನೇ ಹಿಡಿದು ಹಿಂದಕ್ಕೆ ಸರ್ಪದ ತನಕ ಹೋಗಿ, ಮೂವರಿಗೂ ಪ್ರತ್ಯೇಕವಾಗಿ ತೀರ್ಪು ಹೇಳಿದನು. ಸರ್ಪಕ್ಕೆ ಶಾಪ ಬಂದದ್ದರಿಂದ ಆದಾಮನ ಬೆವರು ಒಂದು ಹನಿಯೂ ಕಡಿಮೆಯಾಗಲಿಲ್ಲ. ಹಾಗೆಯೇ ಆ ಶನಿವಾರದ ರಾತ್ರಿಯಲ್ಲಿ ಕುಡಿದು ಗಾಡಿ ನಡಿಸಿದವನ ಪಾಪವುಂಟು, ದೀಪವಿಲ್ಲದೆ ಟ್ರ್ಯಾಕ್ಟರು ನಿಲ್ಲಿಸಿದವನದು ಉಂಟು, ಮೂರನೆಯ ಸಾರಿ ಕೊಟ್ಟವನದು ಉಂಟು, ಗೋಡೆಯನ್ನು ಬಾಡಿಗೆಗೆ ಕೊಟ್ಟವರದು ಉಂಟು. ಇವು ಒಂದರೊಳಗಿಂದ ಒಂದು ಕಳೆಯತಕ್ಕ ಲೆಕ್ಕಗಳಲ್ಲ.

ಮನುಷ್ಯರ ಕಾನೂನು ಈ ವಿಷಯದಲ್ಲಿ ಏನು ಮಾಡಿದೆ ಎಂಬದನ್ನು ನೋಡೋಣ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿಟ್ಟುಕೊಂಡು ವಾಹನ ನಡಿಸುವವನಿಗೆ ಶಿಕ್ಷೆಯಾಗುವದು. ಆ ಕಲಮು ಕುಡಿದವನ ಬಾಯಿಯ ಬಳಿಯಲ್ಲಿ ನಿಂತುಬಿಡುತ್ತದೆ. ಅವನು ಎಲ್ಲಿ ಕುಡಿದನೆಂದು ಅದು ಕೇಳುವದಿಲ್ಲ. ಬೇರೆ ದೇಶಗಳಲ್ಲಿ ಕೇಳಿದ್ದಾರೆ. ಅಮೇರಿಕಾ ದೇಶದ ಇಲಿನಾಯ್ ಸಂಸ್ಥಾನದಲ್ಲಿ 1872ರಷ್ಟು ಹಿಂದೆಯೇ, ಕುಡಿದವನಿಂದ ಕೇಡನ್ನಾಗಲಿ ಜೀವನಾಧಾರದ ನಷ್ಟವನ್ನಾಗಲಿ ಅನುಭವಿಸಿದ ಹೆಂಡತಿಮಕ್ಕಳು ಕುಡಿಸಿದವನ ಮೇಲೆ ದಾವೆ ಹೂಡಬಹುದೆಂದು ಕಾನೂನಾಯಿತು. ಮದ್ಯ ಮಾರುವರೆಂದು ತಿಳಿದೂ ಕಟ್ಟಡವನ್ನು ಬಾಡಿಗೆಗೆ ಕೊಟ್ಟ ಯಜಮಾನನೂ ಆ ದಾವೆಯೊಳಗೆ ಬರುವನೆಂದು ಅದರಲ್ಲಿ ಬರೆದಿದ್ದರು. ಅದೇ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ, ಕುಡಿದು ವಾಹನ ನಡಿಸಿದ್ದಕ್ಕಾಗಿ ಒಬ್ಬನು ಅಪರಾಧಿಯೆಂದು ತೀರ್ಮಾನವಾದರೆ, ಅವನು ಅದಕ್ಕೆ ಮುಂಚೆ ಯಾವದಾದರೂ ಸನ್ನದುಳ್ಳ ಮನೆಯಲ್ಲಿ ಕುಡಿದನೋ ಎಂದು ನ್ಯಾಯಸ್ಥಾನವು ವಿಚಾರಿಸಿ, ಆ ಮನೆಯ ಹೆಸರನ್ನು ಅಬಕಾರಿ ಆಯೋಗಕ್ಕೆ ತಿಳಿಸಬೇಕೆಂಬ ಕಾನೂನುಂಟು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಸೀಮೆಯಲ್ಲಿ ಇದನ್ನು ಪೊಲೀಸರ ದಿನದಿನದ ಕೆಲಸವನ್ನಾಗಿಯೇ ಮಾಡಿದರು. ಹೊಡೆದಾಟವಾಗಲಿ, ಮನೆಯೊಳಗಿನ ಜಗಳವಾಗಲಿ, ರಸ್ತೆಯ ಅಪಘಾತವಾಗಲಿ, ಅದರಲ್ಲಿ ಸಿಕ್ಕಿದವನು ಕುಡಿದಿದ್ದಾನೋ, ಕಡೆಯದಾಗಿ ಎಲ್ಲಿ ಕುಡಿದನು ಎಂದು ಕೇಳಿ ಬರೆದುಕೊಂಡರು. ಅನಂತರ ಮನೆಮನೆಯ ಲೆಕ್ಕವನ್ನು ಕೂಡಿಸಿ, ಆಯಾ ಪಾನಗೃಹದ ಯಜಮಾನನಿಗೆ "ನಿನ್ನ ಮನೆಯಿಂದ ಹೊರಟವರಿಂದ ಇಷ್ಟು ಕೇಡು ನಡೆಯಿತು" ಎಂಬ ಅರ್ಥದ ವರದಿಯನ್ನು ಕಳುಹಿಸಿ, ಪೊಲೀಸರು ಹೋಗಿ ಅವನ ಸಂಗಡ ಕೂತು ಮಾತಾಡಿದರು. ಬಹಳ ಯಜಮಾನರಿಗೆ ಅದು ಹೊಸ ಸಂಗತಿಯಾಗಿದ್ದಿರಬೇಕು. ಕುಡಿದವನು ಬಾಗಿಲನ್ನು ದಾಟಿದ ಮೇಲೆ ಮಾರುವವನ ಕಣ್ಣಿಗೆ ಅವನು ಇಲ್ಲವಾಗುತ್ತಾನೆ.

ಇನ್ನೊಂದು ಕಥೆ ವೇಲ್ಸ್ ದೇಶದ ಕಾರ್ಡಿಫ್ ಪಟ್ಟಣದ್ದು. ಅಲ್ಲಿ ಮುಖದ ಗಾಯಗಳನ್ನು ಹೊಲಿಯುತ್ತಿದ್ದ ಜೋನಾಥನ್ ಶೆಫರ್ಡ್ ಎಂಬ ಶಸ್ತ್ರವೈದ್ಯರು, ಹೊಡೆತ ತಿಂದು ಆಸ್ಪತ್ರೆಗೆ ಬಂದವರಲ್ಲಿ ಬಹು ಜನರ ಸಂಗತಿಯು ಪೊಲೀಸರ ಪುಸ್ತಕದಲ್ಲಿ ಇಲ್ಲವೇ ಇಲ್ಲವೆಂದು ಕಂಡುಕೊಂಡರು. ಆಸ್ಪತ್ರೆಯ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವರೇ, ಪೆಟ್ಟು ಎಲ್ಲಿ ಬಿತ್ತು, ಯಾವದರಿಂದ ಬಿತ್ತು ಎಂಬ ಎರಡು ಮಾತುಗಳನ್ನು ಕೇಳಿ ಬರೆಯುವಂತೆ ಅವರು ಏರ್ಪಾಡು ಮಾಡಿಸಿದರು. ಗಾಯಾಳುವಿನ ಹೆಸರನ್ನು ಬಿಟ್ಟು ಸ್ಥಳದ ಹೆಸರನ್ನು ಮಾತ್ರ ಪೊಲೀಸರಿಗೂ ಪಟ್ಟಣದ ಸಭೆಗೂ ಕೊಟ್ಟರು. ಯಾವ ಬೀದಿ, ಯಾವ ಪಾನಗೃಹ ಎಂಬದು ಹೊರಬಿತ್ತು. ಒಡೆದ ಗಾಜಿನಿಂದ ಆಗುವ ಗಾಯಗಳನ್ನು ನೋಡಿ ಸುಲಭವಾಗಿ ಒಡೆಯದ ಲೋಟಗಳನ್ನು ಇಡಬೇಕೆಂದು ಅವರು ಹೋರಾಡಿದರು. ಈ ಏರ್ಪಾಡಿನಿಂದ ಆ ಪಟ್ಟಣದಲ್ಲಿ ಹೊಡೆದಾಟದ ಗಾಯಗಳಿಗಾಗಿ ಆಸ್ಪತ್ರೆ ಸೇರುವವರು ಇತರ ಪಟ್ಟಣಗಳಿಗಿಂತ ಕಡಿಮೆಯಾದರೆಂದು 2011ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಯಾರನ್ನೂ ಸೆರೆಗೆ ಹಾಕುವದಕ್ಕಲ್ಲ, ಮುಂದಿನ ಗಾಯವನ್ನು ತಡೆಯುವದಕ್ಕೆ ಅವರು ಅಳೆದರು. ಧರ್ಮೋಪದೇಶಕಾಂಡದ ಹಿರಿಯರ ಹಗ್ಗಕ್ಕೂ ಈ ವೈದ್ಯರ ಪುಸ್ತಕಕ್ಕೂ ನನಗೆ ಹೆಚ್ಚು ಭೇದ ಕಾಣುವದಿಲ್ಲ.

ನಮ್ಮ ನಾಡಿನಲ್ಲಿ ಇದು ನಡೆದೇ ಇಲ್ಲವೆಂದು ಹೇಳಲಾಗದು. ವಿಷ ಬೆರೆತ ಸಾರಾಯಿಯಿಂದ 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಸೀಮೆಯಲ್ಲಿ ಪುನಃ 100ಕ್ಕೂ ಹೆಚ್ಚು ಜನರು ಹಾಗೆಯೇ ಹೋದರು. ಇಂಥ ಹೊತ್ತಿನಲ್ಲಿ ಎಲ್ಲಿ ಕುಡಿದರು, ಯಾರು ಮಾರಿದರು, ಅವನಿಗೆ ಯಾರು ಕೊಟ್ಟರು ಎಂದು ಹೆಣದಿಂದ ಹಿಡಿದು ಹಿಂದಕ್ಕೆ ಹುಡುಕುತ್ತಾ ಹೋಗುವದನ್ನು ಅನ್ಯಾಯವೆಂದು ಯಾರೂ ಹೇಳುವದಿಲ್ಲ. ಸತ್ತವರು ತಮ್ಮ ಬಾಯಿಂದ ತಾವೇ ಕುಡಿದರಲ್ಲವೇ ಎಂದು ಮಾರಿದವನನ್ನು ಬಿಡಿಸುವವರೂ ಇಲ್ಲ. ಆದರೆ ಮುದ್ರೆಯೊತ್ತಿದ ಸೀಸೆಯಿಂದ, ಸನ್ನದುಳ್ಳ ಮಳಿಗೆಯಿಂದ, ಒಂದೇ ರಾತ್ರಿಯಲ್ಲಿ ನೂರು ಮಂದಿಯಾಗಿ ಅಲ್ಲದೆ ಊರಿಗೊಬ್ಬ, ತಿಂಗಳಿಗೊಬ್ಬನಾಗಿ ಸತ್ತರೆ, ಆ ಪ್ರಶ್ನೆಯನ್ನು ಕೇಳುವದು ಮರ್ಯಾದೆಯಲ್ಲವೆಂದು ನಮಗೆ ತೋರುತ್ತದೆ. ವಿಷಕ್ಕೂ ಮದ್ಯಕ್ಕೂ ಭೇದವುಂಟು, ನಿಜ. ತಾಯಿಯ ಪ್ರಶ್ನೆಗೆ ಆ ಭೇದವು ಉತ್ತರವಾಗುವದೋ?

ಸರ್ಕಾರಕ್ಕೂ ಈ ಸಂಬಂಧ ತಿಳಿಯದ್ದಲ್ಲ. ಚುನಾವಣೆಯ ಮತದಾನ ಮುಗಿಯುವದಕ್ಕೆ ಮುಂಚಿನ 48 ಗಂಟೆಗಳು ಮಳಿಗೆಗಳನ್ನು ಮುಚ್ಚಿಸುವದು ಕಾನೂನು. ಬಾಗಿಲು ತೆರೆದರೆ ಬೀದಿಯಲ್ಲಿ ಏನಾಗುವದೆಂದು ತಿಳಿದೇ ಮುಚ್ಚಿಸುತ್ತಾರೆ. ಕರ್ನಾಟಕದಲ್ಲಿ 2007ರ ಜುಲಾಯಿ 1ರಿಂದ ಸಾರಾಯಿಯನ್ನು ನಿಲ್ಲಿಸಿದರು. 2016ರ ದಶಂಬರ 15ರಂದು ಸುಪ್ರೀಮ್ ಕೋರ್ಟು, ಹೆದ್ದಾರಿಯ ಅಂಚಿನಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂದು ತೀರ್ಪುಕೊಟ್ಟಿತು. ಮರುವರುಷ ಜನಸಂಖ್ಯೆ 20,000ದೊಳಗಿನ ಊರುಗಳಿಗೆ ಅದು 220 ಮೀಟರಾಯಿತು. ಪಟ್ಟಣಗಳ ಒಳಗಿನ ಮಳಿಗೆಗಳನ್ನು ಅದು ತಡೆಯುವದಿಲ್ಲವೆಂದೂ ಆಮೇಲೆ ಸ್ಪಷ್ಟಪಡಿಸಲಾಯಿತು. ಆಗ ಏನಾಯಿತೆಂದು ಕೇಳಿರಿ. ಕೇರಳದಲ್ಲಿ ಒಂದು ಮದ್ಯದ ಮನೆಯವರು ರಸ್ತೆಯಿಂದ ತಮ್ಮ ಬಾಗಿಲಿಗೆ ಬರುವ ದಾರಿಯನ್ನು ಹಾವಿನಂತೆ ಸುತ್ತುಸುತ್ತಾಗಿ ಕಟ್ಟಿ, ನಡೆದು ಬರುವ ದೂರವನ್ನು ಉದ್ದಮಾಡಿ ತೋರಿಸಿದರು. ಇದನ್ನು ಓದಿ ನಾನು ನಕ್ಕೆನು. ಆಮೇಲೆ ನಮ್ಮ ಹಿರಿಯರ ಸಂಗಡ ಮಾತಾಡಿದಾಗ, ಸುತ್ತುದಾರಿಯನ್ನು ಕಟ್ಟುವ ವಿದ್ಯೆ ಕೇರಳದಲ್ಲಿ ಮಾತ್ರವಿಲ್ಲವೆಂದು ಕಂಡೆನು.

ಆ ಮಾತುಕಥೆಯನ್ನು ಅವರ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತೇನೆ. ಅವರು ನನಗಿಂತ ಇಪ್ಪತ್ತು ವರುಷ ದೊಡ್ಡವರು, ಕುಡಿತವನ್ನು ಮುಟ್ಟಿದವರಲ್ಲ. ಅವರು ಹೇಳಿದ್ದು: "ಉಪದೇಶಿಗಳೇ, ನಾನು ಕುಡಿದವನಲ್ಲ, ಮಾರಿದವನೂ ಅಲ್ಲ. ನಾಲ್ಕು ಗೋಡೆ ಬಾಡಿಗೆಗೆ ಕೊಟ್ಟೆ. ಗೊಬ್ಬರದ ಅಂಗಡಿಗೆ ಕೊಟ್ಟಿದ್ದರೂ ಅಷ್ಟೇ. ನಾನು ಕೊಡದಿದ್ದರೆ ಎದುರಿನ ಮನೆಯವರು ಕೊಡುತ್ತಿದ್ದರು. ಸರ್ಕಾರವೇ ಸನ್ನದು ಕೊಟ್ಟ ಮೇಲೆ ನನ್ನನ್ನು ಕೇಳುವದೇನು?"

ನಾಲ್ಕು ಮಾತುಗಳಲ್ಲಿ ಮೂರಕ್ಕೆ ಬೇಗನೆ ಉತ್ತರ ಕೊಡಬಹುದು. ಸನ್ನದು ಕಾನೂನಿನ ದಂಡನೆಯಿಂದ ತಪ್ಪಿಸುತ್ತದೆ. ಮನಸ್ಸಾಕ್ಷಿಯ ಮುಂದೆ ಅದು ಒಂದು ಕಾಗದ. ಅದಲ್ಲದೆ ಆ ಮಳಿಗೆಗೆ ಇರುವದು ಸಿಎಲ್-2 ಎಂಬ ಸನ್ನದು, ಅಂದರೆ ಸೀಸೆಯನ್ನು ಮಾರಬಹುದೇ ಹೊರತು ಅಲ್ಲಿಯೇ ಕುಡಿಸಬಾರದು. ಹಿತ್ತಲಿನ ಕಲ್ಲುಬೆಂಚುಗಳು ಯಾವ ಸನ್ನದಿನಲ್ಲಿಯೂ ಬರೆದಿಲ್ಲ. ಇನ್ನೊಬ್ಬನು ಮಾಡುತ್ತಿದ್ದನೆಂಬ ಮಾತಿಗೆ ಕರ್ತನು ಮತ್ತಾಯನ 18ನೆಯ ಅಧ್ಯಾಯದಲ್ಲಿ ಮೊದಲೇ ಉತ್ತರ ಕೊಟ್ಟಿದ್ದಾನೆ: ಎಡವಿಸುವ ಸಂಗತಿಗಳು ಬಂದೇ ಬರುವವು, ಆದರೂ ಯಾವನಿಂದ ಬರುವವೋ ಅವನ ಗತಿ ದುಃಖಕರ. ಬಂದೇ ಬರುವವೆಂಬದು ಯಾವನಿಗೂ ಬಿಡುಗಡೆಯ ಚೀಟಿಯಲ್ಲ. ಗೊಬ್ಬರದ ಅಂಗಡಿಯ ಮಾತಂತೂ, ಹಬಕ್ಕೂಕನ 2ನೆಯ ಅಧ್ಯಾಯದಲ್ಲಿ ನೆರೆಯವನಿಗೆ ಕುಡಿಸುವವನ ಮೇಲೆ ಬರುವ ಅಯ್ಯೋ ಎಂಬದನ್ನು ಓದಿದವರಿಗೆ ಒಪ್ಪುವ ಮಾತಲ್ಲ.

ಉಳಿದ ಮಾತು ಕಠಿಣವಾದದ್ದು. ದೂರದಲ್ಲಿ ಕೂತು, ಕೈಗೆ ಮುಟ್ಟದೆ, ಬಾಡಿಗೆಯನ್ನು ಮಾತ್ರ ತೆಗೆದುಕೊಳ್ಳುವವನು ಅಪರಾಧಿಯಾಗುವದು ಯಾವಾಗ? ಇದಕ್ಕೆ ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ನ್ಯಾಯವುಂಟು, ಮತ್ತು ಒಕ್ಕಲುತನದ ನಮಗೆ ಅದನ್ನು ವಿವರಿಸಬೇಕಾದ್ದಿಲ್ಲ. ಎತ್ತು ಮೊದಲನೆಯ ಸಾರಿ ಹಾಯ್ದು ಒಬ್ಬನನ್ನು ಕೊಂದರೆ ಎತ್ತಿಗೆ ಮಾತ್ರ ಶಿಕ್ಷೆ, ಯಜಮಾನನು ನಿರಪರಾಧಿ. ಆದರೆ ಅದು ಹಾಯುವ ಎತ್ತೆಂದು ಯಜಮಾನನಿಗೆ ತಿಳಿಸಿದ್ದರೂ ಅವನು ಅದನ್ನು ಕಟ್ಟದೆ ಬಿಟ್ಟಿದ್ದರೆ, ಯಜಮಾನನ ತಲೆಗೂ ಬರುವದು. ಎರಡು ಸಂಗತಿಗಳಲ್ಲಿಯೂ ಅದೇ ಎತ್ತು, ಅದೇ ಕೊಂಬು, ಅದೇ ಸಾವು. ಭೇದವು ತಿಳಿಸಿದ್ದರೋ ಇಲ್ಲವೋ ಎಂಬ ಒಂದರಲ್ಲಿಯೇ. ಆದದರಿಂದ ಅಪಘಾತದ ಜಾಡನ್ನು ಹಿಡಿದು ಮಳಿಗೆಯ ತನಕ ಹೋಗುವದರ ಮುಖ್ಯವಾದ ಫಲವು ಶಿಕ್ಷೆಯಲ್ಲ, ತಿಳಿಸುವದೇ. ಬರೆದಿಟ್ಟ ಲೆಕ್ಕವಿಲ್ಲದಿರುವಾಗ ಪ್ರತಿಯೊಂದು ಸಾವೂ ಎತ್ತಿನ ಮೊದಲನೆಯ ಹಾಯುವಿಕೆಯೇ ಆಗಿರುತ್ತದೆ. ಪ್ರತಿಯೊಂದು ಸಾರಿಯೂ ಯಜಮಾನನು ಆಶ್ಚರ್ಯಪಡುತ್ತಾನೆ, ಪ್ರತಿಯೊಂದು ಸಾರಿಯೂ ನಿರಪರಾಧಿಯಾಗಿ ಮನೆಗೆ ಹೋಗುತ್ತಾನೆ. ಲೆಕ್ಕ ಬರೆದವನು ಅವನ ಕೈಯಿಂದ ಆ ಆಶ್ಚರ್ಯವನ್ನು ಕಿತ್ತುಕೊಳ್ಳುತ್ತಾನೆ.

ಮಳಿಗೆಯವನ ವಿಷಯದಲ್ಲಾದರೋ ಲೆಕ್ಕ ಬರೆಯುವ ಕಷ್ಟವೂ ನಮಗಿಲ್ಲ, ಅವನೇ ಬರೆದಿಟ್ಟಿದ್ದಾನೆ. ಯಾರು ಎಷ್ಟು ಕುಡಿಯುತ್ತಾರೆ, ಯಾವ ದಿನ ಎರಡಕ್ಕೆ ನಿಲ್ಲಿಸಿದರು, ಯಾವ ದಿನ ಮೂರಾಯಿತು, ಎಲ್ಲವೂ ಉದ್ರಿ ವಹಿಯಲ್ಲಿ ಉಂಟು. ತಾನು ಏನೂ ಅರಿಯೆನೆಂದು ಹೇಳುವವನ ಗಲ್ಲೆಯ ಕೆಳಗೆ ಅಷ್ಟು ಚೊಕ್ಕವಾದ ಅರಿವು ಇಟ್ಟಿರುವದು.

ಆದರೂ ಅಳೆಯುವವರು ಭಯದಿಂದ ಅಳೆಯಬೇಕು. ಹೆಚ್ಚು ಜನ ಬರುವ ಮಳಿಗೆಯ ಹೆಸರು ಹೆಚ್ಚು ಸಾರಿ ಬರುವದು ಸಹಜ. ಅದರಿಂದಲೇ ಅದು ಎಲ್ಲಕ್ಕಿಂತ ಕೆಟ್ಟದ್ದೆಂದು ಹೇಳುವದು ನ್ಯಾಯವಲ್ಲ. ಕಡೆಯ ಲೋಟ ಕುಡಿದ ಮನೆಯೇ ಮೊದಲನೆಯ ಲೋಟದ ಮನೆಯಾಗಿರಬೇಕೆಂಬ ನಿಯಮವಿಲ್ಲ. ಉದ್ರಿ ಇಟ್ಟುಕೊಂಡವನು ಮಳಿಗೆಯವನಿಗೆ ಹೆದರಿ ಬೇರೆ ಹೆಸರನ್ನು ಹೇಳಬಹುದು, ಹಳೇ ಹಗೆಯುಳ್ಳವನು ಬೇಕೆಂದೇ ಸುಳ್ಳು ಹೆಸರನ್ನು ಹೇಳಬಹುದು. ನಮ್ಮ ಹಳ್ಳಿಗಳಲ್ಲಿಯಂತೂ ಸನ್ನದಿನ ಮಳಿಗೆಯಲ್ಲಿ ಕುಡಿಯುವವರಿಗಿಂತ, 90 ಮಿಲಿಲೀಟರಿನ ಪೊಟ್ಟಣಗಳನ್ನು ಬೀಡಿ ಬೆಂಕಿಪೆಟ್ಟಿಗೆಗಳ ಸಂಗಡ ಕಾನೂನಿಗೆ ವಿರೋಧವಾಗಿ ಮಾರುವ ಸಣ್ಣ ಅಂಗಡಿಯಿಂದ ಕೊಂಡು ಹೊಲದ ಬದುವಿನ ಮೇಲೆ ಕುಡಿಯುವವರು ಎಷ್ಟೋ ಮಂದಿ. ಸುಗ್ಗಿ ಮುಗಿದ ಸಂತೋಷಕ್ಕೆಂದು ಆಳುಗಳಿಗೆ ಸೀಸೆ ಹಂಚುವ ಹೊಲದ ಯಜಮಾನನಿಗೆ ಯಾವ ಸನ್ನದೂ ಬೇಕಾಗಿಲ್ಲ. ಮದುವೆಮನೆಯಲ್ಲಿ ಹಿತ್ತಲ ಬಾಗಿಲಿನಿಂದ ಕೊಡುವವರು ನಮ್ಮ ಸಭೆಯಲ್ಲಿಯೂ ಇಲ್ಲವೆಂದು ಯಾರಾದರೂ ಎದೆ ಮುಟ್ಟಿ ಹೇಳಲಿ ನೋಡೋಣ! ಹಗ್ಗ ಹಿಡಿದು ಮಳಿಗೆಗೆ ಹೋಗುವ ದಾರಿಯಲ್ಲಿ ಇಂಥ ಎಷ್ಟೋ ಬಾಗಿಲುಗಳನ್ನು ದಾಟಬೇಕಾಗುವದು.

ನನ್ನ ಬಾಗಿಲನ್ನೂ ದಾಟಬೇಕಾಯಿತು. ನಮ್ಮ ಹಿರಿಯರು ಕೊನೆಗೆ ಕೋಪಗೊಳ್ಳದೆ, ಮೆಲ್ಲನೆ, "ಉಪದೇಶಿಗಳೇ, ಗುಡಿಯ ತಗಡಿನ ಮಾಡು ಯಾವ ಹಣದಿಂದ ಆಯಿತು? ತಿಂಗಳ ಚಂದಾದಲ್ಲಿ ನನ್ನದು ಎಷ್ಟು?" ಎಂದು ಕೇಳಿದರು. ನನ್ನ ಸಂಬಳವು ಆ ಚಂದಾದಿಂದಲೇ ಬರುತ್ತದೆ. ಮಳೆಗಾಲದಲ್ಲಿ ನಾನು ಕುಡಿತದ ವಿರೋಧವಾಗಿ ಪ್ರಸಂಗ ಮಾಡುವಾಗ ನನ್ನ ತಲೆಯ ಮೇಲೆ ಸೋರದಿರುವದು ಆ ತಗಡಿನಿಂದಲೇ. ಸಮಾಧಿಯ ಬಳಿಯಲ್ಲಿ ನಾನು ಸುಮ್ಮನಿದ್ದದ್ದು ದುಃಖದಲ್ಲಿರುವ ತಾಯಿಯ ಮೇಲಿನ ಮರುಕದಿಂದ ಎಂದು ಅಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆನು.

ಹಾಗಾದರೆ ಆ ಹಣವನ್ನು ಕಾಣಿಕೆ ಪೆಟ್ಟಿಗೆಗೆ ತೆಗೆದುಕೊಳ್ಳದಿದ್ದರೆ ಸಾಕೋ? ಯೂದನು ತಿರುಗಿ ಎಸೆದ ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಮಹಾಯಾಜಕರು ರಕ್ತದ ಕ್ರಯವೆಂದು ಬೊಕ್ಕಸಕ್ಕೆ ಸೇರಿಸಲಿಲ್ಲ. ಬೊಕ್ಕಸದ ವಿಷಯದಲ್ಲಿ ಅವರಿಗೆ ಎಷ್ಟು ಜಾಗ್ರತೆ! ಆ ರಕ್ತದ ವಿಷಯದಲ್ಲಿ ಅವರಿಗೆ ಏನೂ ಜಾಗ್ರತೆ ಇರಲಿಲ್ಲ. ಮಳಿಗೆಯ ಬಾಗಿಲು ತೆರೆದೇ ಇರುವಾಗ ನಮ್ಮ ಪೆಟ್ಟಿಗೆಯನ್ನು ಮಾತ್ರ ತೊಳೆದಿಟ್ಟುಕೊಳ್ಳುವದು ಮಹಾಯಾಜಕರ ಭಕ್ತಿ. ಪಿಲಾತನೂ ಕೈ ತೊಳೆದನು. ಆದರೆ ಅಳೆಯದೆ ತೊಳೆದನು. ಧರ್ಮೋಪದೇಶಕಾಂಡದ ಹಿರಿಯರು ಮೊದಲು ಅಳೆದು, ಆಮೇಲೆ ನೀರಿನ ಬಳಿಗೆ ಹೋದರು.

ಇನ್ನೊಂದು ಮಾತನ್ನು ಮರೆಯಬಾರದು. ಮಳಿಗೆ ಮುಚ್ಚಿರೆಂದು ಹೇಳುವವನು ಮರುದಿನ ಅಲ್ಲಿಯ ಹುಡುಗನು ಏನು ಉಣ್ಣುವನೆಂದೂ ಯೋಚಿಸಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಬೋಧನೆಯನ್ನು ಕೇಳಿ ಕ್ರೈಸ್ತರಾದವರಲ್ಲಿ ಕಳ್ಳು ಇಳಿಸುವ ಕುಲಕಸುಬಿನ ಬಿಲ್ಲವರು ಬಹು ಮಂದಿ. ದೀಕ್ಷಾಸ್ನಾನ ಹೊಂದಿದವರ ಹಳೇ ಜೀವನಾಧಾರ ತಪ್ಪಿದಾಗ ಮಿಶನ್ನಿನವರು ಪ್ರಸಂಗದಿಂದ ಮಾತ್ರ ಅವರ ಹೊಟ್ಟೆಯನ್ನು ತುಂಬಿಸಲಿಲ್ಲ. ನೇಯ್ಗೆಯ ಕಾರ್ಖಾನೆಯನ್ನು ನಡಿಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಕಟ್ಟಿದರು. ನಮ್ಮ ಹಳ್ಳಿಯ ಸಭೆಗೆ ಕಾರ್ಖಾನೆ ಕಟ್ಟುವ ಶಕ್ತಿ ಇಲ್ಲ. ಆದರೆ ಆ ಕಟ್ಟಡಕ್ಕೆ ಬೇರೆ ಬಾಡಿಗೆಯವನನ್ನು ಹುಡುಕುವ ಶಕ್ತಿಯೂ ಇಲ್ಲವೋ? ಮದ್ಯದವನು ಕೊಡುವ ಬಾಡಿಗೆಗೂ ಹಿಟ್ಟಿನ ಗಿರಣಿಯವನು ಕೊಡುವ ಬಾಡಿಗೆಗೂ ನಡುವೆ ಇರುವ ಅಂತರವನ್ನು ಒಬ್ಬ ಹಿರಿಯರ ಹೆಗಲ ಮೇಲೆ ಮಾತ್ರ ಹೊರಿಸದೆ, ಚಂದಾ ಕಡಿಮೆಯಾಗುವದನ್ನು ನಾವೆಲ್ಲರೂ ಸಹಿಸುತ್ತೇವೋ? ನನ್ನ ಸಂಬಳದಿಂದಲೇ ಅದು ಆರಂಭವಾಗಲಿ ಎಂದು ನಾನು ಸಭಾಮಂಡಲಿಯಲ್ಲಿ ಹೇಳಿದ್ದೇನೆ. ಇದನ್ನು ಹೊಗಳಿಕೆಗಾಗಿ ಬರೆಯಲಿಲ್ಲ. ಬರೆದ ಮೇಲೆ ಹಿಂದೆಗೆಯುವದು ಕಷ್ಟವೆಂದು ಬರೆದೆನು.

ಆ ರಾತ್ರಿ ನಾನು ಸಭೆಯ ಮರಣಗಳ ಪುಸ್ತಕವನ್ನು ತೆಗೆದು ಓದಿದೆನು. ಈ ಊರಿಗೆ ಬಂದ ಹನ್ನೊಂದು ವರುಷಗಳಲ್ಲಿ ನಾನೇ ನನ್ನ ಕೈಯಾರೆ ಬರೆದ ಬರಹಗಳು. ಮರಣಕಾರಣವೆಂಬ ಅಂಕಣದಲ್ಲಿ ಒಂದು ಕಡೆ ರಸ್ತೆಯ ಅಪಘಾತ, ಒಂದು ಕಡೆ ಬಾವಿಯಲ್ಲಿ ಬಿದ್ದು, ಒಂದು ಕಡೆ ಹೊಟ್ಟೆಬೇನೆ, ಒಂದು ಕಡೆ ಸ್ತ್ರೀ, 31 ವರುಷ, ಬಿದ್ದು ತಲೆಗೆ ಪೆಟ್ಟು. ಆ ಸ್ತ್ರೀಯು ಬಿದ್ದದ್ದು ಹೇಗೆಂದು ನನಗೆ ಆಗಲೂ ಗೊತ್ತಿತ್ತು. ಅವಳ ಗಂಡನು ಆ ಸಂಜೆ ಎಲ್ಲಿಂದ ಬಂದನೆಂಬದೂ ಗೊತ್ತಿತ್ತು. ಅಂಕಣವು ಸಣ್ಣದೆಂದು ಎರಡು ಮಾತಿನಲ್ಲಿ ಮುಗಿಸಿದ್ದೆನು.

ಈಗ ಆ ಪುಸ್ತಕದಲ್ಲಿ ಇನ್ನೊಂದು ಅಂಕಣವನ್ನು ಗೆರೆ ಎಳೆದು ಮಾಡಿದ್ದೇನೆ. ಅದರ ತಲೆಬರಹ, ಕಡೆಯದಾಗಿ ಎಲ್ಲಿ ಕುಡಿದದ್ದು, ಎಂದು. ಕುಡಿಯದೆ ಸತ್ತವರ ಎದುರಿಗೆ ಒಂದು ಅಡ್ಡಗೆರೆ. ಹಳೆಯ ಬರಹಗಳಲ್ಲಿ ನನಗೆ ನಿಶ್ಚಯವಾಗಿ ತಿಳಿದವುಗಳನ್ನು ಮಾತ್ರ ತುಂಬಿಸಿದ್ದೇನೆ. ಊಹೆಯಿಂದ ಒಂದನ್ನೂ ಬರೆದಿಲ್ಲ. ತುಂಬಿಸಿದ ಏಳರಲ್ಲಿ ನಾಲ್ಕು ಒಂದೇ ಸ್ಥಳದ ಹೆಸರು. ಸತ್ತವರ ಹೆಸರುಗಳ ಮೇಲೆ ಕಾಗದವನ್ನು ಇಟ್ಟು ಮುಚ್ಚಿ, ಆ ಒಂದು ಅಂಕಣವನ್ನು ನಮ್ಮ ಹಿರಿಯರಿಗೆ ತೋರಿಸಿದೆನು. ಅವರು ಕನ್ನಡಕವನ್ನು ಹಾಕಿಕೊಂಡು, ಬೆರಳು ಇಟ್ಟು, ಮೇಲಿನಿಂದ ಕೆಳಗಿನ ತನಕ ಎರಡು ಸಾರಿ ಓದಿದರು. ಮೂರು ತಿಂಗಳ ಮೇಲೆ ಯುಗಾದಿಗೆ ಮಳಿಗೆಯ ಕರಾರು ಮುಗಿಯುತ್ತದೆ, ಅಲ್ಲಿಯ ತನಕ ತನ್ನನ್ನು ಏನೂ ಕೇಳಬೇಡಿರೆಂದು ಹೇಳಿ ಎದ್ದುಹೋದರು. ಅಂದಿನಿಂದ ಅವರು ಕಾಣಿಕೆಯ ಹೊತ್ತಿಗೆ ಪೆಟ್ಟಿಗೆಯಲ್ಲಿ ಏನನ್ನೂ ಹಾಕುವದಿಲ್ಲ; ಆದರೆ ಒಂದು ಭಾನುವಾರವೂ ಆರಾಧನೆಗೆ ತಪ್ಪಿಸಿಕೊಂಡಿಲ್ಲ. ಆ ತಾಯಿ ಕೂರುವ ಸಾಲಿನ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಉದ್ರಿಯ 860 ರೂಪಾಯಿ ಮಳಿಗೆಗೆ ಸಂದಾಯವಾಯಿತೆಂದು ಕೇಳಿದ್ದೇನೆ. ಕೊಟ್ಟವರು ಯಾರೆಂದು ಆ ತಾಯಿಗೆ ತಿಳಿಯದು. ನನಗೂ ಯಾರೂ ಹೇಳಲಿಲ್ಲ.